ಪಕ್ಕದಲ್ಲೊಂದು ಸೊನ್ನೆ: ಬ್ರೌಸರ್‌ನೊಳಗೆ ಸಿ ಪ್ಲಸ್ ಪ್ಲಸ್ ಓಡಿದ ಕತೆ

ವೆಬ್ ಬ್ರೌಸರ್‌ಗೆ ಬಹುಕಾಲ ಅರ್ಥವಾಗುತ್ತಿದ್ದದ್ದು ಒಂದೇ ಪ್ರೋಗ್ರಾಮಿಂಗ್ ಭಾಷೆ. ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನಗಳಲ್ಲಿ ಅದರ ಮೊದಲ ರೂಪ ಕಟ್ಟಿಕೊಟ್ಟಿದ್ದರು. ಅದೇ ಜಾವಾಸ್ಕ್ರಿಪ್ಟ್. ಬಟನ್ ಒತ್ತಿದಾಗ ಏನಾಗಬೇಕು, ಫಾರಂ ಸರಿಯಾಗಿ ತುಂಬಿದೆಯೇ ಎಂದು ನೋಡುವಂಥ ಸಣ್ಣ ಕೆಲಸಗಳಿಗೆ ಅದು ಸಾಕಿತ್ತು. ಆದರೆ ಗೇಮ್ ಎಂಜಿನ್, ಡೇಟಾಬೇಸ್, ಚಿತ್ರ ತಿದ್ದುವ ತಂತ್ರಾಂಶ ಎಂದು ಪ್ರೋಗ್ರಾಮರ್‌ಗಳು ದಶಕಗಳ ಕಾಲ ಬೆವರು ಸುರಿಸಿ ಬರೆದ ದೊಡ್ಡ ಕೋಡ್‌ಗಳೆಲ್ಲ ಇದ್ದದ್ದು ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ. ಅವನ್ನು ಬ್ರೌಸರ್‌ಗೆ ತರಬೇಕೆಂದರೆ ಪ್ಲಗಿನ್ ಹಾಕಿಸಬೇಕು, ಇಲ್ಲವೇ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು.

2010ರಲ್ಲಿ ಅಲೋನ್ ಜಕಾಯ್ ಎಂಬ ಪ್ರೋಗ್ರಾಮರ್‌ಗೆ ಎದುರಾದದ್ದು ಇದೇ ಗೋಡೆ. ಅವರ ಬಳಿ ಸಿ ಪ್ಲಸ್ ಪ್ಲಸ್‌ನಲ್ಲಿದ್ದ ಗೇಮ್ ಎಂಜಿನ್ ಇತ್ತು, ಅದನ್ನು ಬ್ರೌಸರ್‌ನಲ್ಲಿ ಓಡಿಸುವ ಆಸೆಯಿತ್ತು. ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾ ಸೇರಿದ ಮೇಲೂ ಬಿಡುವಿನ ಹೊತ್ತಿನಲ್ಲಿ ಅವರು ಒಂದು ಅನುವಾದಕ ಬರೆಯುತ್ತಾ ಹೋದರು. ಅದರ ಹೆಸರು ಎಮ್‌ಸ್ಕ್ರಿಪ್ಟನ್.

ಭಾಷೆಯಿಂದ ಭಾಷೆಗೆ ಕೋಡ್ ಅನುವಾದಿಸುವ ಕನಸು ಹಳೆಯದು. ಹತ್ತು ಭಾಷೆ, ಹತ್ತು ಬಗೆಯ ಯಂತ್ರ ಇದ್ದರೆ ನೇರ ದಾರಿಯಲ್ಲಿ ನೂರು ಅನುವಾದಕಗಳು ಬೇಕು. ಎಲ್ಲ ಭಾಷೆಗಳೂ ನಡುವೆ ಒಂದೇ ರೂಪಕ್ಕೆ ಇಳಿದರೆ ಇಪ್ಪತ್ತು ಸಾಕು. 1958ರಲ್ಲೇ ಅಮೆರಿಕದಲ್ಲಿ 'ಅನ್‌ಕೋಲ್' ಎಂಬ ಹೆಸರಿನಲ್ಲಿ ಇಂಥ ನಡುಭಾಷೆಯ ಪ್ರಸ್ತಾಪ ಬಂದಿತ್ತು, ಕೈಗೂಡಲಿಲ್ಲ. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ಅವರ ಗುರು ವಿಕ್ರಮ್ ಆಡ್ವೆ ಆರಂಭಿಸಿದ ಎಲ್‌ಎಲ್‌ವಿಎಂ ಯೋಜನೆ ಆ ಕನಸಿಗೆ ಗಟ್ಟಿ ನೆಲ ಕೊಟ್ಟಿತು. ಸಿ ಪ್ಲಸ್ ಪ್ಲಸ್‌ನ ಜಟಿಲ ವ್ಯಾಕರಣವನ್ನು ಅರಗಿಸಿಕೊಂಡು ಸರಳ ಸೂಚನೆಗಳ ಸಾಲಾಗಿ ಅದು ಒಪ್ಪಿಸುತ್ತಿತ್ತು. ಜಕಾಯ್ ಕೈಹಾಕಿದ್ದು ಅಲ್ಲಿಗೆ. ಮೂಲ ಭಾಷೆಯ ಗೊಡವೆಗೆ ಹೋಗದೆ, ಆ ನಡುರೂಪವನ್ನು ಜಾವಾಸ್ಕ್ರಿಪ್ಟ್‌ಗೆ ತಿರುಗಿಸಿದರು.

ಆದರೂ ಬಿಡಿಸಬೇಕಾದ ಗಂಟುಗಳು ಮೂರಿದ್ದವು. ಮೊದಲನೆಯದು ಮೆಮೊರಿ. ಸಿ ಪ್ರೋಗ್ರಾಂ ಮೆಮೊರಿಯ ಯಾವ ಬೈಟನ್ನಾದರೂ ವಿಳಾಸ ಹಿಡಿದು ಮುಟ್ಟುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ವಿಳಾಸವೆಂಬುದೇ ಇಲ್ಲ. ಹಾಗಾಗಿ ಒಂದು ದೊಡ್ಡ ಅರೇಯನ್ನೇ ಮೆಮೊರಿ ಮಾಡಿ, ಅದರ ಕ್ರಮಸಂಖ್ಯೆಯನ್ನೇ ವಿಳಾಸವಾಗಿಸಿದರು. ಎರಡನೆಯದು ಜಿಗಿತ. ನಡುರೂಪದಲ್ಲಿ ಪ್ರೋಗ್ರಾಂ ಒಂದು ತುಂಡಿನಿಂದ ಬೇರೆ ಯಾವ ತುಂಡಿಗಾದರೂ ನೆಗೆಯಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಹಾಗೆ ನೆಗೆಸುವ 'ಗೋಟು' ಇಲ್ಲ. ಆ ನೆಗೆತಗಳ ನಕ್ಷೆ ನೋಡಿ ಲೂಪ್‌ಗಳನ್ನೂ ಇಫ್‌ಗಳನ್ನೂ ಮರಳಿ ಕಟ್ಟುವ 'ರೀಲೂಪರ್' ಎಂಬ ವಿಧಾನವನ್ನು ಜಕಾಯ್ ರೂಪಿಸಿದರು. ಅದನ್ನು ವಿವರಿಸಿದ ಅವರ ಪ್ರಬಂಧ 2011ರಲ್ಲಿ ಪ್ರಕಟವಾಯಿತು.

ಮೂರನೆಯ ಗಂಟು ಅಂಕೆಗಳದು. ಸಿ ಭಾಷೆಯ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಬಿಟ್. ಜಾವಾಸ್ಕ್ರಿಪ್ಟ್‌ನಲ್ಲೋ ಆಗ ಎಲ್ಲ ಸಂಖ್ಯೆಯೂ ಭಿನ್ನಾಂಶವನ್ನೂ ಹಿಡಿಯಬಲ್ಲ 64 ಬಿಟ್‌ನ 'ಫ್ಲೋಟಿಂಗ್ ಪಾಯಿಂಟ್' ಸಂಖ್ಯೆಯಾಗಿತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ಎರಡು ಚಿಹ್ನೆಗಳಲ್ಲಿ: ಲೆಕ್ಕದ ಕೊನೆಗೆ ಒಂದು ನಿಂತ ಗೆರೆ, ಪಕ್ಕದಲ್ಲೊಂದು ಸೊನ್ನೆ. ಇದು ಸೊನ್ನೆಯೊಂದಿಗೆ ಬಿಟ್ ಮಟ್ಟದಲ್ಲಿ 'ಆರ್' ಮಾಡುವ ಕ್ರಿಯೆ. ಭಾಷೆಯ ನಿಯಮದಂತೆ ಅದರ ಫಲ ಯಾವಾಗಲೂ 32 ಬಿಟ್‌ನ ಪೂರ್ಣಾಂಕವೇ.

ಲೆಕ್ಕ ತಪ್ಪದಿರಲಿ ಎಂದು ಹಾಕಿದ ಈ ಸೊನ್ನೆಯಲ್ಲೇ ವೇಗದ ಕೀಲಿಯೂ ಇತ್ತು. ಜಾವಾಸ್ಕ್ರಿಪ್ಟ್ ಎಂಜಿನ್‌ಗಳು ಓಡುವ ಕೋಡನ್ನು ಗಮನಿಸಿ 'ಇದು ಪೂರ್ಣಾಂಕವಿರಬಹುದು' ಎಂದು ಊಹಿಸಿ ಯಂತ್ರಸೂಚನೆ ತಯಾರಿಸುತ್ತವೆ. ಊಹೆ ತಪ್ಪಿದರೆ ಮಾಡಿದ್ದನ್ನು ಬಿಸಾಡಿ ಮತ್ತೆ ಮಾಡುತ್ತವೆ. ಎಮ್‌ಸ್ಕ್ರಿಪ್ಟನ್ ಕೊಟ್ಟ ಕೋಡಿನಲ್ಲಿ ಊಹೆಯೇ ಬೇಕಿರಲಿಲ್ಲ. ಯಾವುದು ಯಾವ ಬಗೆಯ ಅಂಕೆ ಎಂಬುದು ಅಲ್ಲೇ ಬರೆದಿತ್ತು. ಜಕಾಯ್, ಲ್ಯೂಕ್ ವ್ಯಾಗ್ನರ್ ಮತ್ತು ಡೇವಿಡ್ ಹರ್ಮನ್ ಸೇರಿ ಈ ಶಿಸ್ತನ್ನು ನಿಯಮವಾಗಿ ಬರೆದು 'ಆಸ್ಮ್ ಜೆಎಸ್' ಎಂದು ಕರೆದರು. ನಿಯಮಕ್ಕೆ ಹೊಂದುವ ಕೋಡನ್ನು ಎಂಜಿನ್ ಓಡಿಸುವ ಮೊದಲೇ ಪೂರ್ತಿಯಾಗಿ ಯಂತ್ರಭಾಷೆಗೆ ಇಳಿಸಬಹುದು. ನಿಯಮದ ಅರಿವಿಲ್ಲದ ಬ್ರೌಸರ್‌ಗೂ ಅದು ಮಾಮೂಲಿ ಜಾವಾಸ್ಕ್ರಿಪ್ಟೇ, ನಿಧಾನವಾಗಿಯಾದರೂ ಓಡುತ್ತದೆ. ಇಡೀ ಕತೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಹೆಜ್ಜೆ ಇದು. ಹೊಸ ಭಾಷೆಯನ್ನು ಯಾರ ಮೇಲೂ ಹೇರಲಿಲ್ಲ, ಹಳೆಯ ಬ್ರೌಸರ್ ಇಟ್ಟುಕೊಂಡವರನ್ನು ಹೊರಗೆ ನಿಲ್ಲಿಸಲಿಲ್ಲ. ಯಂತ್ರಸೂಚನೆಗಳನ್ನೇ ಬ್ರೌಸರ್‌ನಲ್ಲಿ ಸುರಕ್ಷಿತವಾಗಿ ಓಡಿಸಲು ಗೂಗಲ್ ತಂದ 'ನೇಟಿವ್ ಕ್ಲೈಂಟ್'ಗೆ ವೇಗವಿತ್ತು, ಆದರೆ ಅದು ಕ್ರೋಮ್ ಬಿಟ್ಟು ಆಚೆ ಬರಲಿಲ್ಲ.

2013ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಮೊಜಿಲ್ಲಾ ಮತ್ತು ಎಪಿಕ್ ಗೇಮ್ಸ್ 'ಅನ್‌ರಿಯಲ್ ಎಂಜಿನ್ 3' ಬ್ರೌಸರ್‌ನಲ್ಲಿ ಓಡುವುದನ್ನು ತೋರಿಸಿದವು. ಪ್ಲಗಿನ್ ಇರಲಿಲ್ಲ. ಅಷ್ಟು ದೊಡ್ಡ ಎಂಜಿನ್ ಬ್ರೌಸರ್‌ಗೆ ಬರಲು ಹಿಡಿದದ್ದು ನಾಲ್ಕು ದಿನ. ಯಂತ್ರಕ್ಕೆ ನೇರವಾಗಿ ಇಳಿಸಿದ ಕೋಡಿಗಿಂತ ಸುಮಾರು ಎರಡು ಪಟ್ಟು ಸಮಯದಲ್ಲಿ ಆಸ್ಮ್ ಜೆಎಸ್ ಕೆಲಸ ಮುಗಿಸುತ್ತಿತ್ತು. ಅದೇ ವರ್ಷದ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 22ರಲ್ಲಿ ಈ ಸೌಲಭ್ಯ ಎಲ್ಲರಿಗೂ ಸಿಕ್ಕಿತು.

ಇನ್ನು ಉಳಿದದ್ದು ಗಾತ್ರದ ತೊಂದರೆ. ಅಕ್ಷರರೂಪದ ಕೋಡ್ ದೊಡ್ಡದು, ಅದನ್ನು ಓದಿ ಅರ್ಥಮಾಡಿಕೊಳ್ಳಲು ಬ್ರೌಸರ್‌ಗೆ ಹೊತ್ತು ಹಿಡಿಯುತ್ತದೆ. ಅದೇ ಸತ್ವವನ್ನು ಅಡಕವಾದ ಬೈನರಿ ರೂಪದಲ್ಲಿ ಕಳಿಸುವ 'ವೆಬ್‌ಅಸೆಂಬ್ಲಿ'ಯನ್ನು 2015ರ ಜೂನ್‌ನಲ್ಲಿ ಪ್ರಕಟಿಸಿದಾಗ ಮೊಜಿಲ್ಲಾ, ಗೂಗಲ್, ಮೈಕ್ರೋಸಾಫ್ಟ್, ಆಪಲ್ ನಾಲ್ಕೂ ಒಂದಾಗಿದ್ದವು. 2017ರಲ್ಲಿ ಗೂಗಲ್ ತನ್ನ ನೇಟಿವ್ ಕ್ಲೈಂಟ್ ಹಾದಿಯನ್ನು ಬಿಡುವುದಾಗಿ ಹೇಳಿತು. ಅದೇ ವರ್ಷ ನಾಲ್ವರ ಬ್ರೌಸರ್‌ಗಳಲ್ಲೂ ವೆಬ್‌ಅಸೆಂಬ್ಲಿ ಬಂತು. 2019ರ ಡಿಸೆಂಬರ್ 5ರಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಆದ ಮೇಲೆ ಅದು ವೆಬ್‌ನ ನಾಲ್ಕನೆಯ ಭಾಷೆಯಾಯಿತು.

ಇಂದು ಆಟೋಕ್ಯಾಡ್, ಫೋಟೋಶಾಪ್‌ಗಳು ಬ್ರೌಸರ್‌ನಲ್ಲೇ ತೆರೆದುಕೊಳ್ಳುವುದು ಈ ದಾರಿಯಿಂದ. ಪೈಥಾನ್‌ನ ಇಂಟರ್‌ಪ್ರಿಟರ್ ಬರೆದಿರುವುದು ಸಿ ಭಾಷೆಯಲ್ಲಿ. ಅದನ್ನು ಅನುವಾದಿಸಿದರೆ ಪೈಥಾನ್ ಕೂಡ ಬ್ರೌಸರ್‌ಗೆ ಬಂದುಬಿಡುತ್ತದೆ. ಪೈಥಾನ್ ಹಾಕಿಲ್ಲದ ಶಾಲಾ ಕಂಪ್ಯೂಟರ್‌ನಲ್ಲೂ ಮಗು ಅದನ್ನು ಕಲಿಯಬಹುದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪೈಲರ್ ಎಂಬ ಇಂಥ ಅನುವಾದಕಗಳ ವಿಷಯವನ್ನು ಪರೀಕ್ಷೆಗಷ್ಟೇ ಓದಿ ಮರೆಯುವವರು ಬಹಳ. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ಎಲ್‌ಎಲ್‌ವಿಎಂ, ಎಮ್‌ಸ್ಕ್ರಿಪ್ಟನ್ ಎರಡರ ಮೂಲ ಕೋಡೂ ಯಾರು ಬೇಕಾದರೂ ಓದುವಂತೆ ತೆರೆದಿದೆ. ಒಂದು ಸಣ್ಣ ಸಿ ಪ್ರೋಗ್ರಾಂ ಬರೆಯಿರಿ, ಅದನ್ನು ಬ್ರೌಸರ್‌ಗೆ ಇಳಿಸಿ ನೋಡಿ, ನಡುವೆ ಏನೇನಾಯಿತು ಎಂದು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತಿಳಿಯಿರಿ.