ತುಕ್ಕು ಹಿಡಿದ ನಟ್ಟನ್ನು ಬಿಡಿಸುವ ಬಗೆ

ಗೋವೆಯ ಕರಾವಳಿಯಲ್ಲಿ ಕಬ್ಬಿಣಕ್ಕೆ ಶತ್ರುಗಳೆರಡು: ಮಳೆ ಮತ್ತು ಉಪ್ಪು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಇಲ್ಲಿ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೇ ಮುಗಿಯುವುದು. ಕಡಲಗಾಳಿಯಾದರೋ ವರ್ಷವಿಡೀ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಆದುದರಿಂದ ವಾಸ್ಕೋ, ಪಣಜಿಗಳಂತಹ ಊರುಗಳಲ್ಲಿ ಹಳೆಯ ಕಾರೊಂದನ್ನು ದುರಸ್ತಿಗೆ ಬಿಚ್ಚಹೊರಟವನಿಗೆ ಮೊದಲು ಎದುರಾಗುವುದು ಅಲುಗದ ನಟ್ಟು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಇಂತಹ ಗಾಡಿಯ ಭಾಗವೊಂದು ಮುರಿದರೆ ಬದಲಿ ಭಾಗ ಸುಲಭವಾಗಿ ದೊರೆಯದು.

ನಟ್ಟು ಹೀಗೆ ಕಚ್ಚಿಕೊಳ್ಳುವುದೇಕೆ? ನೀರು ಮತ್ತು ಆಮ್ಲಜನಕಗಳ ಸಂಪರ್ಕದಿಂದ ಕಬ್ಬಿಣವು ತುಕ್ಕಾಗುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಈ ಕ್ರಿಯೆ ಚುರುಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುವುದು. ನಟ್ಟು ಬೋಲ್ಟುಗಳ ನಡುವಣ ಕಿರಿದಾದ ಸಂದಿನಲ್ಲಿ ಅದು ಬೆಣೆಯಂತೆ ಉಬ್ಬಿ ಕೂರುತ್ತದೆ. ಉದ್ದನೆಯ ಕೊಳವೆ ಸೇರಿಸಿ ಬಲಪ್ರಯೋಗ ಮಾಡಿದರೆ ಬೆಣೆ ಸಡಿಲುವುದಿಲ್ಲ, ಬೋಲ್ಟೇ ತುಂಡಾಗುತ್ತದೆ.

ಮೊದಲು ತಂತಿಯ ಬ್ರಷ್ಷಿನಿಂದ ಹೊರಗಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ಬಳಿಕ ಸಂದಿಗೆ ಇಳಿಯಬಲ್ಲ ತೆಳುವಾದ ಎಣ್ಣೆಯನ್ನು ಹಾಕಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಒಂದು ರಾತ್ರಿ ಬಿಡಬೇಕು. ತಟ್ಟುವುದರಿಂದ ತುಕ್ಕಿನ ಪದರ ಬಿರುಕುಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಮರುದಿನ ಆರು ಮೂಲೆಯ ಸಾಕೆಟ್ಟನ್ನು ಭದ್ರವಾಗಿ ಕೂರಿಸಿ, ಮೊದಲು ಕೊಂಚ ಬಿಗಿಯುವ ಕಡೆಗೂ ಆಮೇಲೆ ಬಿಡಿಸುವ ಕಡೆಗೂ ತಿರುಗಿಸತಕ್ಕುದು. ಕೂದಲೆಳೆಯಷ್ಟು ಅಲುಗಿದರೂ ಸಾಕು. ಮತ್ತೆ ಎಣ್ಣೆ ಹಾಕಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಹೋಗಬೇಕು.

ಇಷ್ಟಕ್ಕೂ ಜಗ್ಗದಿದ್ದರೆ ಶಾಖವೇ ಉಪಾಯ. 12 ಮಿಲಿಮೀಟರ್ ಅಗಲದ ರಂಧ್ರವುಳ್ಳ ಉಕ್ಕಿನ ನಟ್ಟನ್ನು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಮಾಡಿದರೆ ರಂಧ್ರವು ಸುಮಾರು 0.03 ಮಿಲಿಮೀಟರ್ ಹಿಗ್ಗುವುದು. ಈ ಅಲ್ಪವೇ ತುಕ್ಕಿನ ಹಿಡಿತವನ್ನು ಮುರಿಯಬಲ್ಲುದು. ಆದರೆ ಎಣ್ಣೆಯನ್ನು ಒರೆಸದೆ ಉರಿ ಹಿಡಿಯಕೂಡದು. ಪೆಟ್ರೋಲ್ ಟ್ಯಾಂಕು ಮತ್ತು ಬ್ರೇಕಿನ ಕೊಳವೆಗಳ ಬಳಿ ಉರಿಯ ಯೋಚನೆಯನ್ನೇ ಬಿಡಬೇಕು.

ಇನ್ನು ಕೆಲವು ಎಚ್ಚರಿಕೆಗಳು. ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಸುತ್ತಿನ ಥ್ರೆಡ್ಡು ಇರುತ್ತದೆ. ಅದನ್ನರಿಯದವನು ಬಿಡಿಸುವೆನೆಂದು ಇನ್ನಷ್ಟು ಬಿಗಿಯುವನು. ಬ್ರೇಕಿನಿಂದ ಗಾಳಿ ತೆಗೆಯುವ ಚಿಕ್ಕ ತಿರುಪು ಒಳಗೆ ಟೊಳ್ಳಾಗಿರುವುದರಿಂದ ಬಹು ಬೇಗ ಮುರಿಯುತ್ತದೆ. ಬ್ರೇಕಿನ ಲೈನಿಂಗಿಗೆ ಎಣ್ಣೆ ತಾಗಿದರೆ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದು. ಎಂಜಿನ್ನಿನ ಪಿಸ್ಟನ್ನುಗಳು ಹಿಡಿದುಕೊಂಡಿದ್ದರೆ ಸ್ಟಾರ್ಟರನ್ನು ಒತ್ತದೆ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಆ ರಂಧ್ರಗಳಲ್ಲಿ ಎಣ್ಣೆ ಬಿಟ್ಟು, ಕೆಲವು ದಿನಗಳ ಅನಂತರ ಎಂಜಿನ್ನನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿ ನೋಡಬೇಕು.

ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನಿಗೆ ತೋಳಿನ ಬಲಕ್ಕಿಂತ ಕಾಯುವ ತಾಳ್ಮೆಯನ್ನು ಮೊದಲು ಕಲಿಸಬೇಕಾದುದು ಇದಕ್ಕಾಗಿಯೇ. ಒಂದು ರಾತ್ರಿ ಕಾಯುವುದರಿಂದ ಆಗುವ ನಷ್ಟ ಅಲ್ಪ. ಎಂಜಿನ್ನಿನೊಳಗೆ ಮುರಿದುಳಿದ ಬೋಲ್ಟನ್ನು ಕೊರೆದು ತೆಗೆಯಲು ತಗಲುವ ಶ್ರಮವೂ ಹಣವೂ ಅಲ್ಪವಲ್ಲ.