ಒದ್ದೆ ಹೆಜ್ಜೆ ಹೇಳುವುದೆಷ್ಟು?

ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಹದಿನಾರು ಎಂಬ ಊರಿನ ಕೆರೆಯ ಹೆಸರು ಹಕ್ಕಿ ನೋಡುವವರಿಗೆಲ್ಲ ಗೊತ್ತು. ಆ ಕೆರೆಯಿರುವ ನಂಜನಗೂಡು, ತಿ. ನರಸೀಪುರ ಸೀಮೆಯ ಊರುಗಳಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದವರಿಗೆ ಇನ್ನೊಂದು ಹಿಂಡೂ ಕಾಣಸಿಗುತ್ತದೆ. ಅದು ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆಂದು ಓಟ ಅಭ್ಯಾಸ ಮಾಡುವ ಹುಡುಗರದು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದರಷ್ಟೇ ಮುಂದಿನ ಮಾತು. ಒಬ್ಬ ಬರಿಗಾಲಲ್ಲಿ ಓಡುತ್ತಾನೆ, ಇನ್ನೊಬ್ಬನದು ಹೈಸ್ಕೂಲಿನ ಬಿಳಿ ಕ್ಯಾನ್ವಾಸ್. ಮೂರನೆಯವನು ಮೈಸೂರಿಗೆ ಹೋಗಿ ರನ್ನಿಂಗ್ ಶೂ ತರೋಣವೆಂದರೆ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆ: ‘ನಿಮ್ದು ಫ್ಲಾಟ್ ಫುಟ್ಟಾ, ನಾರ್ಮಲ್ಲಾ?’

ಉತ್ತರ ಮನೆಯ ಕೆಂಪು ಗಾರೆ ನೆಲದಲ್ಲೇ ಸಿಗುತ್ತದೆ. ಬಚ್ಚಲಿನಿಂದ ಒದ್ದೆಗಾಲಲ್ಲಿ ಬಂದು ನಾಲ್ಕು ಹೆಜ್ಜೆ ಇಟ್ಟು ಹಿಂತಿರುಗಿ ನೋಡಿದರೆ ಸಾಕು. ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ನಡುವೆ, ಹೊರಬದಿಯಲ್ಲಿ, ಪಾದದ ಅರ್ಧದಷ್ಟು ಅಗಲದ ಪಟ್ಟಿ ಮೂಡಿದ್ದರೆ ಅಂಗಾಲಿನದು ಸಾಮಾನ್ಯ ಕಮಾನು. ಪಟ್ಟಿ ದಾರದಷ್ಟು ಸಣ್ಣಗಿದ್ದರೆ ಎತ್ತರದ ಕಮಾನು. ಇಡೀ ಅಂಗಾಲು ಇಟ್ಟಿಗೆಯ ಹಾಗೆ ಮೂಡಿದ್ದರೆ ಚಪ್ಪಟೆ ಪಾದ. ಕಪಿಲೆಯಲ್ಲಿ ಮಿಂದು ನಂಜುಂಡೇಶ್ವರನ ಗುಡಿಯತ್ತ ಹೊರಟವರ ಹಿಂದೆ, ಮೆಟ್ಟಿಲುಗಲ್ಲುಗಳ ಮೇಲೆ, ಈ ಮೂರೂ ಬಗೆಯ ಗುರುತುಗಳು ಬಿಸಿಲಿಗೆ ಆರುವ ತನಕ ಉಳಿದಿರುತ್ತವೆ.

ಕೃಷ್ಣಾಷ್ಟಮಿಗೆ ಮುಷ್ಟಿಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಒತ್ತುವ ಪುಟ್ಟ ಪಾದಕ್ಕೆ ಚಂದದ ಕಮಾನು ತಾನಾಗಿ ಬಂದುಬಿಡುತ್ತದೆ. ಅಸಲಿಗೆ ಈಗಷ್ಟೇ ನಡೆಯಲು ಕಲಿತ ಕೂಸಿನ ಅಂಗಾಲು ಬರೀ ಕೊಬ್ಬಿನ ಮೆತ್ತೆ, ಪೂರಾ ಚಪ್ಪಟೆ. ಕಮಾನು ಏಳುವುದು ಬಾಲ್ಯದ ಮುಂದಿನ ವರ್ಷಗಳಲ್ಲಿ.

ಆ ವರ್ಷಗಳಲ್ಲಿ ಮಗು ಕಾಲಿಗೆ ಏನು ಹಾಕಿಕೊಂಡಿತ್ತು ಎನ್ನುವುದಕ್ಕೂ ಕಮಾನಿಗೂ ನಂಟಿದೆಯೇ? ಇದನ್ನು ಲೆಕ್ಕ ಹಾಕಿ ನೋಡಿದವರು ನಮ್ಮ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್. 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ತೆಗೆದು 1992ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿತ್ತು: ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಲ್ಲೇ ಓಡಾಡುವವರಲ್ಲಿ ಶೇ 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಮೂರು ವರ್ಷದ ಬಳಿಕ ಜೋಸೆಫ್ ಮತ್ತೊಬ್ಬ ಸಹೋದ್ಯೋಗಿಯೊಂದಿಗೆ 1846 ವಯಸ್ಕರ ಪಾದ ನೋಡಿದರು. ಹದಿನಾರು ತುಂಬುವವರೆಗೂ ಶೂ ಕಾಣದವರಲ್ಲಿ ಚಪ್ಪಟೆ ಪಾದ ಶೇ 1.75, ಆರು ವರ್ಷಕ್ಕೂ ಮೊದಲೇ ಶೂ ಹಾಕಿದವರಲ್ಲಿ ಶೇ 3.24. ಮೈತೂಕ, ಕೀಲುಗಳ ಸಡಿಲತೆಗೂ ಇದರಲ್ಲಿ ಪಾಲಿದೆ. ತಪ್ಪೆಲ್ಲ ಶೂವಿನದೇ ಅಲ್ಲ. ಆದರೂ ಎಲ್‌ಕೆಜಿ ಮಗುವಿಗೆ ದಿನವಿಡೀ ಕಪ್ಪು ಶೂ ಬಿಗಿಯುವ ಶಾಲೆಗಳು ಓದಬೇಕಾದ ಲೆಕ್ಕವಿದು.

ಈಗ ಓಟಕ್ಕೆ ಬರೋಣ. ಪಾದವೊಂದರಲ್ಲಿ 26 ಮೂಳೆಗಳು. ಓಡುವಾಗ ಮೈತೂಕದ ಎರಡು ಮೂರು ಪಟ್ಟು ಭಾರ ಬಿದ್ದಾಗ ಕಮಾನು ತಗ್ಗಿ, ಕಾಲೆತ್ತುವಾಗ ಮತ್ತೆ ಪುಟಿಯುತ್ತದೆ. ಒಂದು ಹೆಜ್ಜೆಯ ಯಾಂತ್ರಿಕ ಶಕ್ತಿಯಲ್ಲಿ ಸುಮಾರು ಶೇ 17ರಷ್ಟನ್ನು ಈ ಸ್ಪ್ರಿಂಗ್ ಹಿಡಿದಿಟ್ಟು ವಾಪಸು ಕೊಡುತ್ತದೆಂದು ಬ್ರಿಟನ್ನಿನ ವಿಜ್ಞಾನಿಗಳು 1987ರಲ್ಲಿ ಅಳೆದರು. ಕಮಾನು ತಗ್ಗುವಾಗ ಪಾದ ಒಳಕ್ಕೆ ವಾಲುತ್ತದೆ. ಅದೇನೂ ಕಾಯಿಲೆಯಲ್ಲ, ಪೆಟ್ಟು ತಾಳಿಕೊಳ್ಳುವ ಉಪಾಯ. ಚಪ್ಪಟೆ ಪಾದ ಅತಿಯಾಗಿ ವಾಲುತ್ತದೆ, ಅದನ್ನು ತಡೆದರೆ ಮೊಣಕಾಲು ಉಳಿಯುತ್ತದೆ ಎಂಬುದು ಶೂ ಕಂಪನಿಗಳ ತರ್ಕ. ಅದಕ್ಕೇ ‘ಸ್ಟೆಬಿಲಿಟಿ’ ಶೂಗಳಲ್ಲಿ ಒಳಬದಿಯ ಫೋಮ್ ಗಟ್ಟಿ. ಹೆಬ್ಬೆರಳಲ್ಲಿ ಎರಡೂ ಬದಿ ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ತರ್ಕವೇನೋ ಸರಿ. ಆದರೆ ಅಮೆರಿಕದ ಸೇನೆ, ವಾಯುಪಡೆ, ಮರೀನ್ ಪಡೆಗಳಲ್ಲಿ ಹೊಸದಾಗಿ ಸೇರಿದ ಸಾವಿರಾರು ಜನರ ಮೇಲೆ ಇದನ್ನು ಪರೀಕ್ಷಿಸಿದಾಗ, ಪಾದದ ಆಕಾರ ನೋಡಿ ಶೂ ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯದು ಕೊಟ್ಟವರಿಗೂ ಗಾಯದಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. ಡೆನ್ಮಾರ್ಕಿನಲ್ಲಿ ಹೊಸದಾಗಿ ಓಡಲು ಶುರುಮಾಡಿದ 927 ಜನರಿಗೆ ಒಂದೇ ಮಾದರಿಯ ಸಾದಾ ಶೂ ಕೊಟ್ಟು ವರ್ಷಕಾಲ ಗಮನಿಸಿದರು. ಪಾದ ಒಳಕ್ಕೆ ವಾಲುವವರಿಗೆ ಹೆಚ್ಚು ಪೆಟ್ಟಾದದ್ದೇನೂ ಕಾಣಲಿಲ್ಲ. ಇದಕ್ಕೆ ಎದುರು ಸಾಕ್ಷಿಯೂ ಇದೆ: 2016ರಲ್ಲಿ ಲಕ್ಸೆಂಬರ್ಗಿನ 372 ಓಟಗಾರರ ಅಧ್ಯಯನದಲ್ಲಿ, ವಾಲುವ ಪಾದದವರಿಗೆ ಗಟ್ಟಿ ಒಳಬದಿಯ ಶೂ ನೆರವಾಯಿತು. ಅಂದರೆ ಒದ್ದೆ ಹೆಜ್ಜೆಯೊಂದನ್ನೇ ನೆಚ್ಚಿಕೊಂಡು ದುಬಾರಿ ಶೂಗೆ ದುಡ್ಡು ಸುರಿಯುವ ಮುನ್ನ ಎರಡು ಸಲ ಯೋಚಿಸಬಹುದು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿ, 2015ರಲ್ಲಿ ಹಳ್ಳಿಯ ಹಿರಿಯರು ಹೇಳುವಂಥದ್ದನ್ನೇ ಹೇಳಿದರು: ಹಾಕಿಕೊಂಡಾಗ ಕಾಲಿಗೆ ಹಿತವಾದದ್ದನ್ನು ಆರಿಸಿ.

ಬರಿಗಾಲಲ್ಲಿ ಗದ್ದೆ ಬದುಗಳ ಮೇಲೆ ಬೆಳೆದವರಿಗೆ ಕಮಾನಿಗಿಂತ ಅಗಲದ್ದೇ ತಕರಾರು. ಬೆಲ್ಜಿಯಂನ ಸಂಶೋಧಕರು ಭಾರತದ ಬರಿಗಾಲು ನಡಿಗೆಯವರ ಪಾದ ಅಳೆದು 2009ರಲ್ಲಿ ಬರೆದದ್ದೂ ಇದನ್ನೇ. ಶೂ ಹಾಕಿ ಬೆಳೆದವರಿಗಿಂತ ಅವರ ಪಾದದ ಮುಂಭಾಗ ಅಗಲ, ನೆಲದ ಒತ್ತಡವೂ ಅಂಗಾಲಿನ ತುಂಬ ಹೆಚ್ಚು ಸಮವಾಗಿ ಹರಡಿತ್ತು. ಅಂಗಡಿಯಲ್ಲಿ ಸಿಗುವುದು ಬಹುತೇಕ ‘ಡಿ’ ಅಗಲದ ಗಂಡಸರ ಶೂ. ‘2ಇ’, ‘4ಇ’ ಎಂಬ ಇನ್ನೂ ಹೆಚ್ಚಿನ ಅಗಲದ ಗುರುತುಗಳಿವೆ ಎಂಬುದೇ ಎಷ್ಟೋ ಜನಕ್ಕೆ ತಿಳಿಯದು. ಅಗಲ ಸಾಲದೆ ಕಚ್ಚಿದರೆ ಒಂದು ಸೈಜು ದೊಡ್ಡದು ತೆಗೆದುಕೊಳ್ಳುತ್ತಾರೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ.

ಪರೀಕ್ಷೆ ಸುಲಭ. ಕಾಲು ಕೊಂಚ ಊದಿಕೊಂಡಿರುವ ಸಂಜೆಯ ಹೊತ್ತು ಅಂಗಡಿಗೆ ಹೋಗಿ, ಶೂವಿನ ಒಳಗಿನ ಮೆತ್ತನೆ ಅಟ್ಟೆಯನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಬೇಕು. ಕಿರುಬೆರಳು ಅಂಚು ದಾಟಿದರೆ ಆ ಶೂ ಬೇಡ. ಉದ್ದದ ಬೆರಳಿನ ಮುಂದೆ ಕೈ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು, ಎರಡು ಪಾದಗಳಲ್ಲಿ ದೊಡ್ಡದಕ್ಕೆ ಅಳತೆ ಹಿಡಿಯಬೇಕು. ಕೋಳಿ ಕೂಗುವ ಹೊತ್ತಿಗೆ ಓಡುವ ಆ ಹುಡುಗರ ಕ್ಯಾನ್ವಾಸ್ ಶೂಗಳು ಇದನ್ನು ಆಗಲೇ ಹೇಳಿಬಿಟ್ಟಿವೆ: ಅಟ್ಟೆ ಇನ್ನೂ ಗಟ್ಟಿಯಿರುವಾಗಲೇ ಬಟ್ಟೆ ಹರಿದಿರುವುದು ಕಿರುಬೆರಳಿನ ಪಕ್ಕದಲ್ಲಿ.