ವಿದ್ಯುತ್ ಗಿಟಾರಿನ ಬೆಲೆಯೂ ಯೋಗ್ಯತೆಯೂ

ವಾದ್ಯವೊಂದನ್ನು ಕಲಿಯಬಯಸುವ ಮಕ್ಕಳಿಗೂ, ಅದಕ್ಕಾಗಿ ಹಣ ತೆರಬೇಕಾದ ತಂದೆತಾಯಿಗಳಿಗೂ ಎದುರಾಗುವ ಪ್ರಶ್ನೆಯೊಂದುಂಟು: ಬೆಲೆ ಹೆಚ್ಚಾದ ವಾದ್ಯವೇ ಮೇಲಾದ ವಾದ್ಯವೇ? ವಿದ್ಯುತ್ ಗಿಟಾರಿನ ವಿಷಯದಲ್ಲಿ ಈ ಚರ್ಚೆ ಅಮೆರಿಕೆಯಲ್ಲಿ ಬಹುಕಾಲದಿಂದ ನಡೆದಿದೆ. ಅಲ್ಲಿಯೇ ತಯಾರಾದ ಒಂದು ಗಿಟಾರಿನ ಬೆಲೆಗೆ ಇಂಡೋನೇಷ್ಯದಿಂದಲೋ ಚೀನದಿಂದಲೋ ಬಂದ ಅದೇ ಆಕಾರದ ಹಲವು ಗಿಟಾರುಗಳು ದೊರೆಯುತ್ತವೆ. ಅಗ್ಗದ್ದು ದುಬಾರಿಯದಕ್ಕೆ ಸಾಟಿಯಾದೀತೇ? ಇದನ್ನು ನಿರ್ಣಯಿಸುವ ಮೊದಲು, ಆ ವಾದ್ಯದ ನಾದ ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯಬೇಕು.

ವೀಣೆಯಲ್ಲಿ ತಂತಿಯ ಕಂಪನವನ್ನು ಮರದ ಕೊಡವು ಹಿಗ್ಗಿಸಿ ನಮ್ಮ ಕಿವಿಗೆ ಮುಟ್ಟಿಸುತ್ತದೆ. ವಿದ್ಯುತ್ ಗಿಟಾರಿಗೆ ಸಾಮಾನ್ಯವಾಗಿ ಅಂಥ ಕೊಡವಿಲ್ಲ. ಅದರ ಒಡಲು ಗಟ್ಟಿಯಾದ ಹಲಗೆ. ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನವಿರುತ್ತದೆ. ಅದರಲ್ಲಿ ಅಯಸ್ಕಾಂತವೂ, ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಏರಿಳಿದು, ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಈ ವಿದ್ಯುತ್ತನ್ನು ಬೇರೊಂದು ಯಂತ್ರ ವರ್ಧಿಸಿ ನಾದವಾಗಿಸುತ್ತದೆ. ಆದುದರಿಂದ ನಾದದ ಗುಣದಲ್ಲಿ ಪಿಕಪ್ಪಿಗೂ ವರ್ಧಕಕ್ಕೂ ಹಿರಿಯ ಪಾಲು; ಮರದ ಪಾಲು ವೀಣೆಯಲ್ಲಿದ್ದಷ್ಟಿಲ್ಲ.

ಇನ್ನು ನಿರ್ಮಾಣದ ಸಂಗತಿ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ದಂಡಿಯನ್ನೂ ಒಡಲನ್ನೂ ಬೇರೆಬೇರೆಯಾಗಿ ಮಾಡಿ ತಿರುಪುಗಳಿಂದ ಬಿಗಿಯಲಾಗುತ್ತಿತ್ತು. ಕಾರ್ಖಾನೆಯಲ್ಲಿ ಹೇರಳವಾಗಿ ತಯಾರಿಸಲು ಒಗ್ಗುವ ರಚನೆಯಿದು. ಅನ್ಯರು ಅನುಕರಿಸಲೂ ಸುಲಭ. 1970ರ ದಶಕದಲ್ಲಿ ಜಪಾನಿನ ಅನುಕೃತಿಗಳು ಎಷ್ಟು ಚೆನ್ನಾದವೆಂದರೆ, 1977ರಲ್ಲಿ ಗಿಬ್ಸನ್ ಗಿಟಾರುಗಳ ಒಡೆತನದ ಕಂಪೆನಿಯು ಐಬನೆಜ್ ಗಿಟಾರುಗಳ ಅಮೆರಿಕದ ಆಮದುದಾರರ ಮೇಲೆ, ದಂಡಿಯ ತಲೆಯ ಆಕಾರದ ಸಲುವಾಗಿ ದಾವೆ ಹೂಡಿತು. ಫೆಂಡರ್ ಕಂಪೆನಿಯಾದರೋ 1982ರಲ್ಲಿ ತಾನೇ ಜಪಾನಿನಲ್ಲಿ ಗಿಟಾರು ಮಾಡಿಸತೊಡಗಿ, ಅಗ್ಗದವಕ್ಕೆ ಸ್ಕ್ವಾಯರ್ ಎಂಬ ಹೆಸರಿಟ್ಟಿತು. 1987ರಲ್ಲಿ ಮೆಕ್ಸಿಕೋದ ಎನ್ಸೆನಾಡದಲ್ಲಿಯೂ ಕಾರ್ಖಾನೆ ತೆರೆಯಿತು.

ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವುದರಿಂದ ಅವನ್ನು ಮತ್ತೆ ಸರಿಪಡಿಸಬಹುದು. ಗಿಟಾರಿನ ಮೆಟ್ಟಿಲುಗಳೋ ದಂಡಿಯಲ್ಲಿ ಕೊರೆದ ಗೀರುಗಳಲ್ಲಿ ನೆಟ್ಟವು. ಸ್ಟ್ರಾಟೋಕಾಸ್ಟರಿನಲ್ಲಿ ತಂತಿಯ ಉದ್ದ ಸುಮಾರು 648 ಮಿಲಿಮೀಟರು. 12ನೆಯ ಮೆಟ್ಟಿಲು ಅದರ ಅರ್ಧಕ್ಕೆ, 324 ಮಿಲಿಮೀಟರಿಗೆ, ಬರಬೇಕು. ಗೀರು ತಪ್ಪಿದರೆ ಸ್ವರವೂ ತಪ್ಪುತ್ತದೆ. ಇಂದು ಗಣಕದ ಹತೋಟಿಯಲ್ಲಿರುವ ಯಂತ್ರ ಈ ಗೀರುಗಳನ್ನು ಯಾವ ದೇಶದಲ್ಲಾದರೂ ಒಂದೇ ನಿಖರತೆಯಿಂದ ಕೊರೆಯಬಲ್ಲುದು. ಅಗ್ಗದ ವಾದ್ಯ ದುಬಾರಿಯದರ ಸಮೀಪಕ್ಕೆ ಬಂದುದು ಹೀಗೆ.

ಹಾಗಾದರೆ ಹೆಚ್ಚಿನ ಹಣ ಹೋಗುವುದೆಲ್ಲಿಗೆ? ಒಂದಂಶ ಅಮೆರಿಕದ ಕೂಲಿಗೆ; ಇನ್ನೊಂದಂಶ ಹೆಸರಿಗೆ; ಉಳಿದುದು ಆಯ್ದ ಮರಕ್ಕೆ, ಉತ್ತಮ ಬಿರಡೆ ಗುಂಡಿಗಳಿಗೆ, ನುರಿತ ಕೈಗಳು ಮೆಟ್ಟಿಲುಗಳ ತುದಿ ಉಜ್ಜಲು ಕಳೆಯುವ ಹೊತ್ತಿಗೆ. ಅಗ್ಗದ ವಾದ್ಯದಲ್ಲಿ ಈ ಕೊನೆಯ ಕೆಲಸವೇ ಕಡಿಮೆಯಾಗುವುದುಂಟು: ಮೆಟ್ಟಿಲ ತುದಿ ಕೈಗೆ ಚುಚ್ಚುತ್ತದೆ, ಬಿರಡೆ ಜಾರುತ್ತದೆ, ಗುಂಡಿ ತಿರುಗಿಸಿದರೆ ಗರಗರ ಸದ್ದು ಬರುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಬಲ್ಲ ಕುಶಲಿಯು ಸ್ವಲ್ಪ ಹಣಕ್ಕೆ ಸರಿಪಡಿಸಬಲ್ಲನು. ತಿರುಚಿಕೊಂಡ ದಂಡಿಯನ್ನು ಮಾತ್ರ ನೇರ್ಪಡಿಸುವುದು ಕಷ್ಟ, ಅಂಥದನ್ನು ಕೊಳ್ಳಲಾಗದು.

ಪರೀಕ್ಷಿಸುವ ಬಗೆ ಸುಲಭ. ದಂಡಿಯ ತುದಿಯಿಂದ ಕಣ್ಣಿಟ್ಟು ಅದು ನೇರವಾಗಿದೆಯೇ ನೋಡಿರಿ. ಅಂಚಿನ ಮೇಲೆ ಹೆಬ್ಬೆರಳನ್ನು ಆಡಿಸಿರಿ. 12ನೆಯ ಮೆಟ್ಟಿಲ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದ ಸ್ವರವೂ, ಅಲ್ಲಿಯೇ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಭೇದವಿದ್ದರೆ ಕುದುರೆಯನ್ನು ಹಿಂದುಮುಂದು ಸರಿಸಿ ತಿದ್ದಿಸಬೇಕು.

ದಿನವೂ ವೇದಿಕೆಯಲ್ಲಿ ನುಡಿಸುವವನಿಗೆ ದುಬಾರಿ ವಾದ್ಯದ ಭರವಸೆ ಬೇಕಾಗಬಹುದು. ಕಲಿಯುವವನಿಗೆ ಚೆನ್ನಾಗಿ ಹದಮಾಡಿದ ಅಗ್ಗದ ವಾದ್ಯ ಧಾರಾಳವಾಗಿ ಸಾಕು. ಬೆಲೆ ಐದು ಪಟ್ಟಾದ ಮಾತ್ರಕ್ಕೆ ನಾದ ಐದು ಪಟ್ಟು ಸೊಗಸಾಗದು. ಆದರೆ ಹದಮಾಡದ ವಾದ್ಯವನ್ನು ಮಕ್ಕಳ ಕೈಗೆ ಕೊಡಬಾರದು. ಬೆರಳು ನೊಂದು, ಶ್ರುತಿ ನಿಲ್ಲದೆ ಹೋದಾಗ, ದೋಷ ವಾದ್ಯದ್ದೆಂದು ಮಗು ಅರಿಯದು. ತನಗೆ ಸಂಗೀತ ಬಾರದೆಂದೇ ಬಗೆದು ಅದನ್ನು ಮೂಲೆಗಿಡುತ್ತದೆ. ಆ ನಷ್ಟವು ವಾದ್ಯದ ಬೆಲೆಗಿಂತ ದೊಡ್ಡದು.